‘ನಿಮಗೇನು ಬೇಕು?’ ಅಂದರೆ ಹೆದರುವವರು

(ದಾವಣಗೆರೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಇಲ್ಲಿ ಬರುವ ಜನರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ನನಗೆ ದೂರದ ಸಂಬಂಧದ ಒಬ್ಬ ಹುಡುಗಿಯನ್ನು ಕರೆದುಕೊಂಡು ಇಲ್ಲೇ ಒಂದು ಬೆಣ್ಣೆ ದೋಸೆ ಹೋಟೆಲಿಗೆ ಹೋಗಿದ್ದೆ. ಹುಡುಗಿ ಅಂದರೆ ಮೂವತ್ತೈದು ದಾಟಿದವಳು. ಎಂ.ಕಾಂ. ಓದಿದ್ದಾಳೆ. ಗಂಡನ ಮನೆ ಬಿಟ್ಟು ಬಂದು ಆಗಲೇ ಮೂರು ವರ್ಷ ಆಗಿತ್ತು. ಸಪ್ಲೈಯರ್ ಹುಡುಗ ಬಂದು ನೀರಿನ ಲೋಟ ಇಟ್ಟ. ‘ಏನ್ ಕೊಡ್ಲಿ ಅಕ್ಕ? ಬೆಣ್ಣೆನಾ, ಖಾಲಿನಾ, ಓಪನ್ನಾ?’ ಅಂದ.

ಅವಳು ನನ್ನ ಮುಖ ನೋಡಿದಳು. ‘ನೀವೇನು ತಗೋತೀರಿ ಚಿಕ್ಕಮ್ಮ?’ ಅಂದಳು. ನಾನು ಬೆಣ್ಣೆ ದೋಸೆ ಹೇಳಿ, ‘ನೀನು ಹೇಳು’ ಅಂದೆ. ಅವಳು ಸ್ಟೀಲಿನ ಲೋಟವನ್ನು ಮೇಜಿನ ಮೇಲೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. ‘ಯಾವುದಾದ್ರೂ ಆಗುತ್ತೆ.’ ಹುಡುಗ ಸ್ವಲ್ಪ ಹೊತ್ತು ನಿಂತ. ಜನ ಜಾಸ್ತಿ ಇದ್ದರು. ಪಕ್ಕದ ಟೇಬಲ್ಲಿಗೆ ಹೋದ. ಅಷ್ಟಕ್ಕೇ ಅವಳ ಕಣ್ಣು ತುಂಬಿತು.

‘ಚಿಕ್ಕಮ್ಮ, ನಾನು ಹಿಂಗಿರಲಿಲ್ಲ. ನನಗೆ ಖಾಲಿ ದೋಸೆ ಇಷ್ಟ ಇತ್ತು ಅನ್ಸುತ್ತೆ. ಈಗ ಅದೂ ಖಾತ್ರಿ ಇಲ್ಲ.’

ಇಪ್ಪತ್ತು ವರ್ಷದಿಂದ ಆಪ್ತ ಸಮಾಲೋಚನೆಯ ಕೆಲಸ ಮಾಡುತ್ತಿದ್ದೇನೆ. ತುಂಬಾ ಅಳು ನೋಡಿದ್ದೇನೆ. ಆದರೆ ಆ ಮಾತು ನನ್ನನ್ನು ಹಿಡಿದುಕೊಂಡಷ್ಟು ಯಾವುದೂ ಹಿಡಿದುಕೊಂಡಿಲ್ಲ. ಒಂಬತ್ತು ವರ್ಷದ ಸಂಸಾರದಲ್ಲಿ ಗಂಡ ಒಂದು ದಿನವೂ ಕೈ ಎತ್ತಿರಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಿದ್ದರು, ‘ಹೊಡೆದಿಲ್ಲ, ಬಡಿದಿಲ್ಲ, ಕುಡಿಯೋದಿಲ್ಲ, ಇನ್ನೇನು ಕಷ್ಟ ಇವಳಿಗೆ?’ ಅಂತ. ಅವಳ ಮೈಮೇಲೆ ಒಂದು ಗೀರೂ ಇಲ್ಲ, ನಿಜ. ಆದರೆ ತನಗೆ ಯಾವ ದೋಸೆ ಇಷ್ಟ ಅನ್ನೋದನ್ನೂ ಅವಳು ಆ ಮನೆಯಲ್ಲೇ ಬಿಟ್ಟು ಬಂದಿದ್ದಳು.

ಇವತ್ತು ನಾನು ಮಾತಾಡೋದು ಅದರ ಬಗ್ಗೆ. ಜನ ನಾರ್ಸಿಸಿಸ್ಟ್ ಅಂತ ಕರೆಯುವವರ ಜೊತೆ ಬದುಕಿದವರಿಗೆ ಆಗುವ, ಕಣ್ಣಿಗೆ ಕಾಣದ ಗಾಯದ ಬಗ್ಗೆ.

ಮೊದಲು ಪದದ ವಿಷಯ ಮುಗಿಸಿಬಿಡೋಣ. ನಾರ್ಸಿಸಿಸ್ಟ್ ಅನ್ನುವ ಪದ ಈಗ ರೀಲ್ಸ್‌ನಲ್ಲೆಲ್ಲ ಓಡಾಡುತ್ತಿದೆ. ಕನ್ನಡದಲ್ಲಿ ಸ್ವಮೋಹಿ ಅನ್ನಬಹುದು. ನೀರಿನಲ್ಲಿ ತನ್ನದೇ ಬಿಂಬ ನೋಡಿ ಅದಕ್ಕೇ ಮರುಳಾದ ನಾರ್ಸಿಸಸ್ ಅನ್ನುವ ಗ್ರೀಕ್ ಕಥೆಯ ಹುಡುಗನಿಂದ ಬಂದ ಹೆಸರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಒಂದು ವ್ಯಕ್ತಿತ್ವದ ತೊಂದರೆಯಾಗಿ ಸೇರಿದ್ದು 1980ರಲ್ಲಿ. ಅದರ ಈಗಿನ ಆವೃತ್ತಿಯಲ್ಲಿ 9 ಲಕ್ಷಣ ಕೊಟ್ಟಿದ್ದಾರೆ. ತಾನೇ ದೊಡ್ಡವನು ಅನ್ನೋದು, ಸದಾ ಹೊಗಳಿಕೆ ಬೇಕು ಅನ್ನೋದು, ಬೇರೆಯವರನ್ನು ಬಳಸಿಕೊಳ್ಳೋದು, ಅವರ ನೋವು ಅರ್ಥವಾಗದೆ ಇರೋದು, ಹೀಗೆ. ಕನಿಷ್ಠ 5 ಇದ್ದು, ಅದು ಬದುಕಿನ ಉದ್ದಕ್ಕೂ ಹರಡಿದ್ದರೆ ಮಾತ್ರ ವೈದ್ಯರು ಆ ಹೆಸರು ಕೊಡುತ್ತಾರೆ. ಜಗಳ ಆಡಿದ ಗಂಡನಿಗೆ, ಬೈದ ಅತ್ತೆಗೆ ನಾವು ಮನೆಯಲ್ಲೇ ಕೂತು ಹಚ್ಚುವ ಹಣೆಪಟ್ಟಿ ಇದಲ್ಲ. ಸ್ವಮೋಹಿಯ ದೌರ್ಜನ್ಯ ಅನ್ನುವ ಹೆಸರಿನ ಕಾಯಿಲೆ ಯಾವ ಕೈಪಿಡಿಯಲ್ಲೂ ಇಲ್ಲ. ಜನ ತಾವು ಅನುಭವಿಸಿದ್ದಕ್ಕೆ ಇಟ್ಟುಕೊಂಡ ಹೆಸರು ಅದು.

ನನಗೆ ಒಂದು ಮಾತು ಸ್ಪಷ್ಟ. ಅವನಿಗೆ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನ ಆಗುವ ತನಕ ಇವಳ ಗಾಯ ಕಾಯಬೇಕಾಗಿಲ್ಲ. ಹಾಗಾಗಿ ಇವತ್ತು ಮಾಡಿದವರ ಬಗ್ಗೆ ಕಮ್ಮಿ ಮಾತಾಡುತ್ತೇನೆ. ಅನುಭವಿಸಿದವರ ಬಗ್ಗೆ ಜಾಸ್ತಿ.

ನನ್ನ ಹತ್ತಿರ ಬರುತ್ತಿದ್ದ ಇನ್ನೊಬ್ಬ ಹೆಣ್ಣುಮಗಳು ಒಂದು ದಿನ ಹಳೇ ಕ್ಯಾಲೆಂಡರ್ ಸುತ್ತಿಕೊಂಡು ಬಂದಳು. ಅಡಿಗೆಮನೆಯಲ್ಲಿ ಮೊಳೆಗೆ ನೇತು ಹಾಕುತ್ತೇವಲ್ಲ, ಹಾಲಿನ ಲೆಕ್ಕ ಬರೆಯೋದಕ್ಕೆ, ಅಂಥದ್ದು. ಪ್ರತಿ ತಾರೀಖಿನ ಚೌಕದಲ್ಲೂ ಅರ್ಧ, ಒಂದು, ಒಂದೂವರೆ ಅಂತ ಹಾಲಿನ ಲೆಕ್ಕ ಇತ್ತು. ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಇರುವೆ ಗಾತ್ರದ ಅಕ್ಷರಗಳು. ‘ತ’, ‘ದು’, ‘ಫೀ’. ಏನಮ್ಮ ಇದು ಅಂದೆ.

‘ತ ಅಂದ್ರೆ ತವರಿಗೆ ಹೋಗಿ ಬಾ ಅಂದ್ರು ಅಂತ. ದು ಅಂದ್ರೆ ದುಡ್ಡು ಕೊಡ್ತೀನಿ ಅಂದ್ರು. ಫೀ ಅಂದ್ರೆ ಮಗಳ ಸ್ಕೂಲ್ ಫೀ ನಾನೇ ಕಟ್ತೀನಿ ಅಂದ್ರು. ಆಮೇಲೆ ನಾನು ಹಂಗೆ ಹೇಳೇ ಇಲ್ಲ ಅಂತಿದ್ರು ಮೇಡಂ. ನಿನ್ನ ತಲೆ ಕೆಟ್ಟಿದೆ, ಏನೇನೋ ಕೇಳಿಸುತ್ತೆ ನಿನಗೆ ಅಂತಿದ್ರು. ಆಗ ಅಡಿಗೆಮನೆಗೆ ಹೋಗಿ ಇದನ್ನ ನೋಡ್ಕೋತಿದ್ದೆ. ಸುಮ್ನೆ. ಹೇಳಿದ್ದು ಹೌದು ಅಂತ ಗೊತ್ತಾದ್ರೆ ಸಾಕಾಗಿತ್ತು.’

ಗಂಡನಿಗೆ ತೋರಿಸಲಿಲ್ಲವಾ ಅಂತ ಕೇಳಿದೆ. ‘ತೋರಿಸಿದ್ರೆ ಅದನ್ನೂ ಆಮೇಲೆ ಬರೆದಿದ್ದು ಅಂತಿದ್ರು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು. ‘ಕೊನೆಕೊನೆಗೆ ನನಗೇ ಅನುಮಾನ ಬರ್ತಿತ್ತು. ನಾನೇ ತಪ್ಪು ಬರೆದಿದ್ದೀನೇನೋ ಅಂತ.’

ಇದಕ್ಕೆ ಗ್ಯಾಸ್‌ಲೈಟಿಂಗ್ ಅನ್ನುತ್ತಾರೆ. 1938ರ ಒಂದು ಇಂಗ್ಲಿಷ್ ನಾಟಕದಿಂದ ಬಂದ ಪದ. ಅದರಲ್ಲಿ ಗಂಡ ಗುಟ್ಟಾಗಿ ಮಹಡಿಯಲ್ಲಿ ದೀಪ ಹಚ್ಚಿದಾಗಲೆಲ್ಲ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಅದು ಹೆಂಡತಿಗೆ ಕಾಣುತ್ತದೆ. ಅವಳಿಗೆ ಹುಚ್ಚು ಹಿಡಿಯುತ್ತಿದೆ ಅಂತ ಅವಳನ್ನೇ ನಂಬಿಸುವುದು ಅವನ ಕೆಲಸ. ಸುಳ್ಳು ಹೇಳೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಸುಳ್ಳು ಹೇಳುವವನು ನಿಮ್ಮಿಂದ ಒಂದು ವಿಷಯ ಮುಚ್ಚಿಡುತ್ತಾನೆ. ಇಲ್ಲಿ ನಿಮ್ಮ ಕಣ್ಣು ಕಿವಿಯ ಮೇಲಿನ ನಂಬಿಕೆಯನ್ನೇ ಕಿತ್ತುಕೊಳ್ಳುತ್ತಾರೆ.

ಅವಳು ಆ ಮನೆ ಬಿಟ್ಟು ಆರು ವರ್ಷ ಆಯಿತು. ಈಗ ಅವಳ ಮೊಬೈಲ್ ತೆಗೆದು ಗ್ಯಾಲರಿ ನೋಡಿದರೆ ಮಗಳ ಫೋಟೋಗಿಂತ ಜಾಸ್ತಿ ಗ್ಯಾಸ್ ಒಲೆಯ ಫೋಟೋ ಇವೆ. ಆಫ್ ಮಾಡಿದ ನಾಬ್. ಹಾಕಿದ ಬೀಗ. ಕಿತ್ತಿಟ್ಟ ಇಸ್ತ್ರಿ ಪೆಟ್ಟಿಗೆಯ ಪ್ಲಗ್. ದಿನಾ ಕೆಲಸಕ್ಕೆ ಹೊರಡುವ ಮೊದಲು ತೆಗೆಯುತ್ತಾಳೆ. ಬಸ್ಸಿನಲ್ಲಿ ಕೂತು ನೋಡಿಕೊಳ್ಳುತ್ತಾಳೆ. ಅವಳ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಗ್ಯಾಸ್ ಆಫ್ ಮಾಡಿದ್ದು ನೆನಪಿರುತ್ತದೆ. ಆ ನೆನಪನ್ನು ನಂಬೋದಕ್ಕೆ ಮಾತ್ರ ಆಗೋದಿಲ್ಲ. ‘ನಿನ್ನ ತಲೆ ಕೆಟ್ಟಿದೆ’ ಅನ್ನುವವನು ಮನೆಯಲ್ಲಿಲ್ಲ. ಆ ಕೆಲಸವನ್ನು ಈಗ ಅವಳ ಮನಸ್ಸೇ ವಹಿಸಿಕೊಂಡಿದೆ.

ಮನೆ ಬಿಡೋದು ಒಂದು ದಿನದ ಕೆಲಸ. ಮನೆಯೊಳಗಿನ ಆ ದನಿಯನ್ನು ಬಿಡಿಸಿಕೊಳ್ಳೋದಕ್ಕೆ ವರ್ಷಗಳು ಬೇಕು. ನಮ್ಮ ಜನಕ್ಕೆ ಇದು ಅರ್ಥವಾಗೋದಿಲ್ಲ. ‘ಬಿಟ್ಟು ಬಂದಾಯ್ತಲ್ಲ, ಇನ್ನೂ ಯಾಕೆ ಹಿಂಗಿದ್ದೀಯ?’ ಅನ್ನುತ್ತಾರೆ.

ಇದಕ್ಕೆ ಉಲ್ಟಾ ಪ್ರಶ್ನೆಯೂ ಇದೆ. ಅಷ್ಟು ಕಷ್ಟ ಇದ್ದರೆ ಇಷ್ಟು ವರ್ಷ ಯಾಕೆ ಇದ್ದೆ?

ಇದಕ್ಕೆ ನಾನು ಬೋರ್‌ವೆಲ್ ಕಥೆ ಹೇಳುತ್ತೇನೆ. ನಮ್ಮ ಚಿತ್ರದುರ್ಗ, ಹೊಳಲ್ಕೆರೆ ಕಡೆಯವರು ಇಲ್ಲಿ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ರೈತ ಮೊದಲ ಪಾಯಿಂಟ್ ಹಾಕಿಸುತ್ತಾನೆ. ಎರಡಿಂಚು ನೀರು ಬೀಳುತ್ತದೆ. ಮನೆಯಲ್ಲಿ ಹಬ್ಬ. ಅಡಿಕೆ ಸಸಿ ಇಡುತ್ತಾನೆ. ಎರಡು ವರ್ಷಕ್ಕೆ ನೀರು ನಿಲ್ಲುತ್ತದೆ. ಇನ್ನೊಂದು ಪಾಯಿಂಟ್, ಬರೀ ಧೂಳು. ಮತ್ತೊಂದು, ಧೂಳು. ಸಾಲ ಮಾಡಿ ಮತ್ತೊಂದು. ಅದರಲ್ಲಿ ಬೊಗಸೆಯಷ್ಟು ನೀರು. ಅಲ್ಲಿಗೆ ಮುಗಿಯಿತು, ಇನ್ನು ಅವನು ಕೊರೆಸೋದನ್ನು ಬಿಡೋದಿಲ್ಲ. ಎಲ್ಲವೂ ಧೂಳೇ ಆಗಿದ್ದರೆ ಬಿಟ್ಟುಬಿಡುತ್ತಿದ್ದ. ನಡುವೆ ಸಿಕ್ಕ ಆ ಬೊಗಸೆ ನೀರು ಅವನನ್ನು ಕಟ್ಟಿ ಹಾಕಿತು. ಅವನು ದಡ್ಡನಲ್ಲ. ಮನಸ್ಸು ಇರೋದೇ ಹಾಗೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳು ದಣಿಯದೆ ಪ್ರಯತ್ನ ಮಾಡುತ್ತಲೇ ಇರುತ್ತವೆ ಅನ್ನೋದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿಕೊಟ್ಟ.

ಇಂಥ ಮನೆಗಳಲ್ಲಿ ಪ್ರೀತಿ ಇದೇ ಲೆಕ್ಕದಲ್ಲಿ ಬರುತ್ತದೆ. ಮೊದಮೊದಲು ಧಾರಾಳ. ಆಮೇಲೆ ತಿಂಗಳುಗಟ್ಟಲೆ ಮೌನ, ಚುಚ್ಚು ಮಾತು. ಇದ್ದಕ್ಕಿದ್ದ ಹಾಗೆ ಒಂದು ಸಂಜೆ ಮಲ್ಲಿಗೆ ಹೂವು ತಂದು ಕೊಡುತ್ತಾನೆ. ಆ ಒಂದು ಸಂಜೆಯ ಮೇಲೆ ಅವಳು ಇನ್ನೂ ಆರು ತಿಂಗಳು ಬದುಕುತ್ತಾಳೆ. 1981ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ ಇದನ್ನು ಆಘಾತದ ಬಂಧ ಅಂತ ಕರೆದರು. ಇಬ್ಬರಲ್ಲಿ ಒಬ್ಬರ ಕೈ ಮೇಲಿರಬೇಕು, ಹಿಂಸೆ ಮತ್ತು ಅಕ್ಕರೆ ಒಂದಾದ ಮೇಲೆ ಒಂದು ಬರುತ್ತಿರಬೇಕು. ಇವೆರಡು ಸೇರಿದರೆ ಗಂಟು ಬಿಗಿಯುತ್ತದೆ ಅಂದರು. ಹಾಗಾಗಿ ಬಿಟ್ಟು ಬಂದವಳಿಗೆ ಅವನ ನೆನಪು ಬರುತ್ತದೆ. ರಾತ್ರಿ ಫೋನ್ ಕೈಗೆ ತೆಗೆದುಕೊಳ್ಳುತ್ತಾಳೆ. ಮಾರನೇ ದಿನ ನಾಚಿಕೆಯಿಂದ ಕುಗ್ಗುತ್ತಾಳೆ. ಇಲ್ಲಿ ಯಾರಾದರೂ ಆ ಸ್ಥಿತಿಯಲ್ಲಿದ್ದರೆ ಒಂದು ಮಾತು ಕೇಳಿಸಿಕೊಳ್ಳಿ: ನೆನಪು ಬರುತ್ತದೆ ಅಂದ ಮಾತ್ರಕ್ಕೆ ನೀವು ಅನುಭವಿಸಿದ್ದು ಸುಳ್ಳಾಗೋದಿಲ್ಲ.

ಈಗ ದೇಹದ ವಿಷಯ. ಇಂಥವರು ಮೊದಲು ನನ್ನ ಹತ್ತಿರ ಬರೋದಿಲ್ಲ. ಗ್ಯಾಸ್ಟ್ರಿಕ್ ಅಂತ ಡಾಕ್ಟರ ಹತ್ತಿರ ಹೋಗಿರುತ್ತಾರೆ. ತಲೆನೋವು, ಎದೆ ಬಡಿತ, ಬೆಳಗಿನ ಜಾವ ಮೂರಕ್ಕೆ ಎಚ್ಚರ. ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್. ಮನೆಯವರು ‘ಎಲ್ಲಾ ನಾಟಕ’ ಅನ್ನುತ್ತಾರೆ. ನಾಟಕ ಅಲ್ಲ ಅದು. ಅಪಾಯ ಕಂಡರೆ ಎಚ್ಚರಿಸುವ ವ್ಯವಸ್ಥೆ ಮಿದುಳಿನಲ್ಲಿದೆ. ಅಮಿಗ್ಡಲ ಅನ್ನುವ ಪುಟ್ಟ ಭಾಗ ಗಂಟೆ ಬಾರಿಸುತ್ತದೆ, ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನುಗಳು ಏರುತ್ತವೆ. ಹಾವು ಕಂಡಾಗ ಇದು ಬೇಕು. ಹಾವು ಹೋದ ಮೇಲೆ ಇಳಿಯಬೇಕು. ಆದರೆ ಪ್ರತಿ ದಿನ ಸಂಜೆ ಏಳಕ್ಕೆ ಗೇಟಿನ ಚಿಲಕದ ಸದ್ದು ಕೇಳಿ, ಇವತ್ತು ಮುಖ ಹೇಗಿದೆಯೋ ಅಂತ ಹತ್ತು ವರ್ಷ ಕಾದವರಿಗೆ ಅದು ಇಳಿಯೋದನ್ನೇ ಮರೆತುಬಿಡುತ್ತದೆ. ತವರಿಗೆ ಬಂದ ಮೇಲೂ ಸಂಜೆ ಏಳಕ್ಕೆ ಕತ್ತು ಬಿಗಿಯುತ್ತದೆ. ಬೀದಿಯಲ್ಲಿ ಯಾರದೋ ಬೈಕ್ ನಿಂತರೆ ಕೈಯಲ್ಲಿದ್ದ ಲಟ್ಟಣಿಗೆ ನಿಲ್ಲುತ್ತದೆ. ಅಡಿಗೆಮನೆ ಮಾಡಿನ ಕೆಳಗೆ ಕೂತ ಅಪ್ಪ ಸುಮ್ಮನೆ ಕೆಮ್ಮಿದರೂ ‘ಏನಪ್ಪಾ, ನಾನೇನಾದ್ರೂ ತಪ್ಪು ಮಾಡಿದ್ನಾ?’ ಅನ್ನುತ್ತಾಳೆ.

1992ರಲ್ಲಿ ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಒಂದು ಮುಖ್ಯವಾದ ಮಾತು ಹೇಳಿದರು. ಅಪಘಾತ, ಭೂಕಂಪದಂಥ ಒಂದು ಸಲದ ಆಘಾತ ಬೇರೆ, ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ವರ್ಷಗಟ್ಟಲೆ ನಡೆಯುವ ಆಘಾತ ಬೇರೆ ಅಂತ. ಅದು ಒಪ್ಪಿಗೆಯಾಗೋದಕ್ಕೆ ಬಹಳ ಕಾಲ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದೆ. ಸಂಕೀರ್ಣ ಆಘಾತೋತ್ತರ ಒತ್ತಡ ಅನ್ನಬಹುದು. ಹಳೆಯದು ಕಣ್ಣೆದುರು ಮತ್ತೆ ನಡೆದ ಹಾಗಾಗೋದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಓಡೋದು, ಸದಾ ಅಪಾಯ ಕಾದಿದೆ ಅನ್ನಿಸೋದು, ಇವು ಎರಡರಲ್ಲೂ ಇರುತ್ತವೆ. ದೀರ್ಘಕಾಲದ್ದರಲ್ಲಿ ಇನ್ನೂ ಮೂರು ಸೇರುತ್ತವೆ. ಭಾವನೆಗಳು ಹತೋಟಿಗೆ ಸಿಗೋದಿಲ್ಲ. ನಾನು ಯಾತಕ್ಕೂ ಬಾರದವಳು ಅನ್ನುವುದು ನಂಬಿಕೆಯಾಗಿ ಕೂತುಬಿಡುತ್ತದೆ. ಯಾರ ಹತ್ತಿರವೂ ಹತ್ತಿರ ಇರೋದಕ್ಕೆ ಆಗೋದಿಲ್ಲ. ಇಂಥ ಮನೆಗಳಿಂದ ಬಂದವರೆಲ್ಲರಿಗೂ ಇದು ಇರುತ್ತದೆ ಅಂತಲ್ಲ. ಕೆಲವರಿಗೆ ಖಿನ್ನತೆ, ಕೆಲವರಿಗೆ ಆತಂಕ. ಕೆಲವರು ನಿಧಾನಕ್ಕೆ ತಾವೇ ಮೇಲೆದ್ದು ಬರುತ್ತಾರೆ. ಆದರೆ ಈ ಕೊನೆಯ ಮೂರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಅನ್ನುತ್ತೇವೆ. ಇವರಿಗೆ ಬಾಯಿ ಸುಟ್ಟಿದ್ದು ಸಕ್ಕರೆ ಹಾಕಿದ ಹಾಲಿನಿಂದ. ಹಾಗಾಗಿ ಸಿಹಿ ಕಂಡರೇ ಭಯ. ಯಾರಾದರೂ ‘ನೀವು ಚೆನ್ನಾಗಿ ಕೆಲಸ ಮಾಡ್ತೀರಿ’ ಅಂದರೆ ಒಳಗೆ ನಡುಕ ಶುರುವಾಗುತ್ತದೆ. ಇದರ ಹಿಂದೆ ಏನು ಬರುತ್ತದೋ ಅಂತ.

ಗಂಡಸರ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಬಟ್ಟೆ ವ್ಯಾಪಾರದ ಮನೆಯವರೊಬ್ಬರು ಬರುತ್ತಿದ್ದರು. ನಲವತ್ತು ದಾಟಿದವರು. ಅವರ ತಂದೆ ಇಡೀ ಪೇಟೆಯಲ್ಲಿ ಹೆಸರು ಮಾಡಿದ ಮನುಷ್ಯ. ಜಾತ್ರೆಗೆ ಚಂದಾ, ಬಡ ಹುಡುಗರಿಗೆ ಪುಸ್ತಕ, ಯಾರ ಮನೆಯ ಮದುವೆಯಾದರೂ ಮುಂದಿನ ಸಾಲು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ನಮ್ಮ ಹಿರಿಯರು ಸುಮ್ನೆ ಕಟ್ಟಲಿಲ್ಲ. ಅಂಗಡಿಯಲ್ಲಿ ಲಾಭ ಬಂದರೆ ತಂದೆಯ ತಲೆ, ನಷ್ಟ ಬಂದರೆ ಮಗನ ಕೈ. ಗಿರಾಕಿಗಳ ಎದುರಿಗೇ ‘ಇವನ ಕೈಲಿ ಏನಾಗುತ್ತೆ ಬಿಡ್ರಿ’ ಅನ್ನುತ್ತಿದ್ದರಂತೆ. ತಮ್ಮನನ್ನು ಮಾತ್ರ ತಲೆಯ ಮೇಲೆ ಹೊತ್ತುಕೊಂಡಿದ್ದರು. ಅಣ್ಣತಮ್ಮಂದಿರ ನಡುವೆ ಇವತ್ತಿಗೂ ಮಾತಿಲ್ಲ.

ತಂದೆ ತೀರಿಕೊಂಡು ನಾಲ್ಕು ವರ್ಷ ಆಗಿದ್ದರೂ ಇವರು ಗಲ್ಲಾಪೆಟ್ಟಿಗೆಯ ಹಿಂದಿನ ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಬಿಲ್ ಬರೆಯುತ್ತಿದ್ದರು. ಮಾತು ಶುರು ಮಾಡುವ ಮೊದಲು ‘ಸಾರಿ ಮೇಡಂ’ ಅನ್ನುತ್ತಿದ್ದರು. ನನ್ನ ಹತ್ತಿರ ಯಾಕೆ ಬಂದರು ಗೊತ್ತಾ? ಒಂದು ರಾತ್ರಿ ಮಗ ಲೆಕ್ಕ ತಪ್ಪು ಮಾಡಿದ. ‘ನಿನ್ನ ಕೈಲಿ ಏನಾಗುತ್ತೆ ಬಿಡು’ ಅನ್ನುವ ಮಾತು ಇವರ ಬಾಯಿಂದ ಬಂತು. ಅದೇ ಮಾತು. ಅದೇ ದನಿ. ಮಗ ಪೆನ್ಸಿಲ್ ಕೆಳಗಿಟ್ಟ ರೀತಿಯೂ ತಾನು ಇಡುತ್ತಿದ್ದ ಹಾಗೇ ಇತ್ತು ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲವಂತೆ. ನನಗೆ ಅವರ ಬಗ್ಗೆ ಬಹಳ ಗೌರವ. ತಮ್ಮ ಬಾಯಲ್ಲಿ ಬಂದ ಮಾತನ್ನು ಅಷ್ಟು ಸರಿಯಾಗಿ ಕೇಳಿಸಿಕೊಂಡವರನ್ನು ನಾನು ಕಡಿಮೆ ನೋಡಿದ್ದೇನೆ.

ಇಂಥವರನ್ನು ಇನ್ನಷ್ಟು ನೋಯಿಸುವ ಕೆಲಸದಲ್ಲಿ ನಮ್ಮ ಪಾಲೂ ಇದೆ. ಹಿರಿಯರು ಕೂಡಿ ಪಂಚಾಯ್ತಿ ಮಾಡುತ್ತಾರೆ. ಅವನು ಇಸ್ತ್ರಿ ಮಾಡಿದ ಶರ್ಟ್ ಹಾಕಿ, ಸಮಾಧಾನವಾಗಿ, ನಗುತ್ತಾ ಮಾತಾಡುತ್ತಾನೆ. ಇವಳು ನಿದ್ದೆ ಇಲ್ಲದೆ, ಕೂದಲು ಕೆದರಿ, ಹತ್ತು ವರ್ಷದ್ದನ್ನು ಹತ್ತು ನಿಮಿಷದಲ್ಲಿ ಹೇಳಲು ಹೋಗಿ ಅಳುತ್ತಾಳೆ, ಕೂಗುತ್ತಾಳೆ. ನೋಡಿದವರಿಗೆ ಯಾರ ತಲೆ ಕೆಟ್ಟ ಹಾಗೆ ಕಾಣುತ್ತದೆ? ಮಾಡಿದವರು ಮೊದಲು ಇಲ್ಲ ಅನ್ನುತ್ತಾರೆ, ಆಮೇಲೆ ಹೇಳಿದವರ ಮೇಲೇ ಬೀಳುತ್ತಾರೆ, ಕೊನೆಗೆ ತಾವೇ ಅನ್ಯಾಯಕ್ಕೆ ಸಿಕ್ಕವರ ಜಾಗದಲ್ಲಿ ಕೂರುತ್ತಾರೆ. ಜೆನಿಫರ್ ಫ್ರೈಡ್ ಅನ್ನುವ ಮನಶ್ಶಾಸ್ತ್ರಜ್ಞೆ 1997ರಲ್ಲೇ ಈ ಪಟ್ಟನ್ನು ಗುರುತಿಸಿ ಹೆಸರಿಟ್ಟರು. ನಮ್ಮ ಪಂಚಾಯ್ತಿ ಕಟ್ಟೆಯ ಮೇಲೆ ಇದು ಇವತ್ತಿಗೂ ಗೆಲ್ಲುತ್ತದೆ. ‘ಹೊಂದ್ಕೊಂಡು ಹೋಗವ್ವಾ’ ಅಂದು ಕಳಿಸುತ್ತಾರೆ. ಮನೆಯೊಳಗೆ ಅವನೊಬ್ಬ ಹೇಳುತ್ತಿದ್ದ ಮಾತಿಗೆ ಈಗ ಊರೇ ಸಹಿ ಹಾಕಿದ ಹಾಗಾಯಿತು.

ತವರಿನವರು ಇನ್ನೊಂದು ಮಾತು ಹೇಳುತ್ತಾರೆ. ‘ಒಂದು ಸಲ ಕರ್ಕೊಂಡು ಬಂದ್ವಿ ಮೇಡಂ. ಮತ್ತೆ ಅಲ್ಲಿಗೇ ಹೋದ್ಲು. ಇನ್ನೇನು ಮಾಡೋದು?’ ಅವರಿಗೆ ನಾನು ಒಂದು ಹಳೇ ಪ್ರಯೋಗದ ಕಥೆ ಹೇಳುತ್ತೇನೆ. ಕ್ರೂರವಾದ ಪ್ರಯೋಗ, ಇವತ್ತು ಅದಕ್ಕೆ ಯಾರೂ ಅನುಮತಿ ಕೊಡಲಾರರು. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳಿಗೆ ಕರೆಂಟ್ ಶಾಕ್ ಕೊಟ್ಟರು. ಕೆಲವು ನಾಯಿಗಳು ಒಂದು ಪಟ್ಟಿ ಒತ್ತಿ ಅದನ್ನು ನಿಲ್ಲಿಸಬಹುದಿತ್ತು. ಇನ್ನು ಕೆಲವು ಏನು ಮಾಡಿದರೂ ನಿಲ್ಲಿಸಲು ಆಗುತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ಬೇರೆ ಪೆಟ್ಟಿಗೆಗೆ ಹಾಕಿದರು. ನಡುವೆ ಒಂದು ತಡೆ, ಹಾರಿದರೆ ಆ ಕಡೆ ಶಾಕ್ ಇಲ್ಲ. ಮೊದಲ ಗುಂಪಿನ ನಾಯಿಗಳು ಹಾರಿದವು. ಎರಡನೇ ಗುಂಪಿನವು ಹೆಚ್ಚಿನವು ಅಲ್ಲೇ ಬಿದ್ದುಕೊಂಡವು.

ಇಷ್ಟು ಕಥೆ ತುಂಬಾ ಜನಕ್ಕೆ ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿಲ್ಲ. 1968ರಲ್ಲಿ ಅವರೇ ಹಾಗೆ ಬಿದ್ದುಕೊಂಡ ನಾಯಿಗಳ ಕತ್ತಿಗೆ ಹಗ್ಗ ಕಟ್ಟಿ, ಎಳೆದು ಆ ಕಡೆ ದಾಟಿಸಿದರು. ಒಂದು ಸಲ ಎಳೆದರೆ ಸಾಲಲಿಲ್ಲ. ಮತ್ತೆ ಮತ್ತೆ ಎಳೆಯಬೇಕಾಯಿತು. ಶುರುವಿನಲ್ಲಿ ಬಹಳ ಬಲ ಬೇಕಾಗಿತ್ತು, ಬರುಬರುತ್ತಾ ಕಡಿಮೆಯಾಯಿತು, ಕೊನೆಗೆ ತಾವೇ ಹಾರಿದವು. ಅರ್ಧ ಶತಮಾನ ಕಳೆದ ಮೇಲೆ, 2016ರಲ್ಲಿ, ಅದೇ ಇಬ್ಬರು ತಮ್ಮ ಹಳೇ ತೀರ್ಮಾನವನ್ನೇ ತಿದ್ದಿದರು. ಮೊದಲು ಅಸಹಾಯಕತೆಯನ್ನು ಕಲಿಯುತ್ತವೆ ಅಂದುಕೊಂಡಿದ್ದರು. ಮಿದುಳಿನ ಮೇಲಿನ ಕೆಲಸ ಬೇರೆ ಹೇಳಿತು. ಬಹಳ ಹೊತ್ತು ತಪ್ಪಿಸಿಕೊಳ್ಳಲಾಗದ ನೋವು ಬಂದರೆ ಮುದುಡಿಕೊಳ್ಳೋದು ಮಿದುಳಿನ ಹುಟ್ಟುಗುಣ. ನನ್ನ ಕೈಯಲ್ಲಿ ಏನೋ ಇದೆ ಅನ್ನೋದನ್ನೇ ಕಲಿಯಬೇಕು.

ನನಗೆ ಇದು ದೊಡ್ಡ ಸಮಾಧಾನ ಕೊಟ್ಟ ಮಾತು. ಮುದುಡಿ ಕೂತವಳು ಯಾವ ತಪ್ಪನ್ನೂ ಕಲಿತಿಲ್ಲ. ಕಲಿಯೋದು ಬಾಕಿ ಇದೆ, ಅಷ್ಟೇ. ಮತ್ತೆ ಒಂದು ಸಲ ಕರೆದುಕೊಂಡು ಬಂದರೆ ಸಾಲೋದಿಲ್ಲ ಅನ್ನೋದು ಅವಳ ಮೊಂಡುತನ ಅಲ್ಲ. ಎರಡನೇ ಸಲ, ಐದನೇ ಸಲ ಬಾಗಿಲು ತಟ್ಟಿದಾಗಲೂ ತೆಗೆಯಬೇಕು.

ಚಿಕಿತ್ಸೆ ಇದೆ. ಆಘಾತವನ್ನೇ ಗುರಿಯಾಗಿ ಇಟ್ಟುಕೊಂಡ ಮಾತಿನ ಚಿಕಿತ್ಸೆ ಮತ್ತು ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಹಳೇ ನೆನಪಿನ ಮೇಲೆ ಕೆಲಸ ಮಾಡುವ ಇಎಂಡಿಆರ್ ಅನ್ನುವ ವಿಧಾನ, ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಖಿನ್ನತೆ ಇದ್ದರೆ ಮನೋವೈದ್ಯರು ಮಾತ್ರೆ ಕೊಡುತ್ತಾರೆ, ಅದು ಬೇಕಾಗಬಹುದು. ಮೆಡಿಕಲ್ ಶಾಪಿನಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗೋದು ಮಾತ್ರ ಬೇಡ, ಅದರ ಅಭ್ಯಾಸ ಬೇಗ ಹತ್ತುತ್ತದೆ. ಇನ್ನೊಂದು, ದೌರ್ಜನ್ಯ ನಡೀತಾ ಇರುವಾಗ ಗಂಡಹೆಂಡತಿಯನ್ನು ಒಟ್ಟಿಗೆ ಕೂರಿಸಿ ಸಮಾಲೋಚನೆ ಮಾಡೋದನ್ನು ನಾನು ಒಪ್ಪೋದಿಲ್ಲ. ಅಲ್ಲಿ ಅವಳು ಬಿಚ್ಚಿ ಹೇಳಿದ್ದೆಲ್ಲ ಆ ರಾತ್ರಿ ಮನೆಯಲ್ಲಿ ಅವಳ ಮೇಲೇ ಬಳಕೆಯಾಗುತ್ತದೆ. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಹೊಡೆದರೆ ಮಾತ್ರ ಕಾನೂನು ಅನ್ನುವ ತಪ್ಪು ಕಲ್ಪನೆ ನಮ್ಮಲ್ಲಿ ತುಂಬಾ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮಾತಿನ ಹಿಂಸೆ, ಮಾನಸಿಕ ಹಿಂಸೆ, ದುಡ್ಡು ಕೊಡದೆ ಕಟ್ಟಿಹಾಕೋದು, ಎಲ್ಲವನ್ನೂ ಅದು ಹಿಂಸೆ ಅಂತಲೇ ಕರೆಯುತ್ತದೆ. ಮನೆ ಬಿಟ್ಟು ಬಂದರೆ ಮಾತ್ರ ದೂರು ಕೊಡಬೇಕು ಅಂತಿಲ್ಲ, ಅದೇ ಮನೆಯಲ್ಲಿ ಇರುವ ಹಕ್ಕೂ ಅವಳಿಗಿದೆ. 181 ಮಹಿಳಾ ಸಹಾಯವಾಣಿ. ಉಚಿತ ಕಾನೂನು ನೆರವಿಗೆ 15100. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416. ಅದು 2022ರ ಅಕ್ಟೋಬರಿನಲ್ಲಿ ಶುರುವಾಯಿತು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಗಂಡಸರೂ ಮಾಡಬಹುದು. ಆ ಬಟ್ಟೆ ಅಂಗಡಿಯವರಂಥವರು ಮಾಡಲಿ ಅಂತ ಒತ್ತಿ ಹೇಳುತ್ತಿದ್ದೇನೆ.

ಕೊನೆಗೆ ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಹಿಂದಿನ ಸಾಲಿನಿಂದ ಪಂಚೆ ಉಟ್ಟ ಹಿರಿಯರೊಬ್ಬರು ಎದ್ದು ನಿಂತರು. ಮೈಕ್ ಬೇಡ ಅಂದರು.

‘ಮಗಳು ಬಂದು ಎಂಟು ತಿಂಗಳಾತು ಮೇಡಂ. ಎಲ್ಲಾನೂ ಕೇಳ್ತಾಳೆ. ಸಾರಿಗೆ ಉಪ್ಪು ಹಾಕ್ಲಾ ಅಂತ ಕೇಳ್ತಾಳೆ. ಸ್ನಾನಕ್ಕೆ ಹೋಗ್ಲಾ ಅಂತ ಕೇಳ್ತಾಳೆ. ಅವರಮ್ಮಂಗೆ ಸಿಟ್ಟು ಬರುತ್ತೆ. ನಾವು ಹೇಳ್ಬೇಕಾ, ಹೇಳ್ಬಾರ್ದಾ?’

ಒಮ್ಮೆಲೇ ‘ನಿನ್ನಿಷ್ಟ’ ಅಂತ ಅವಳ ಮೇಲೆ ಹಾಕಬೇಡಿ, ಅದು ಭಯ ಹುಟ್ಟಿಸುತ್ತದೆ ಅಂದೆ. ಎರಡೇ ಎರಡು ಮುಂದಿಡಿ. ಉಪ್ಪಿಟ್ಟಾ, ಅವಲಕ್ಕಿನಾ ಅಂತ. ಆಮೇಲೆ ಸುಮ್ಮನಿರಿ. ಅವಳು ಹೇಳೋ ತನಕ ಕಾಯಿರಿ. ಏನು ಹೇಳಿದರೂ ಅದನ್ನೇ ಮಾಡಿ. ಉಪ್ಪಿಟ್ಟು ಅಂದಮೇಲೆ ‘ರವೆ ಇಲ್ವಲ್ಲ’ ಅನ್ನಬೇಡಿ, ಹೋಗಿ ತನ್ನಿ. ಉಪ್ಪು ಜಾಸ್ತಿಯಾದರೆ ಒಂದು ಹೊತ್ತು ಹಾಗೇ ಉಂಡುಬಿಡಿ ಸರ್.

‘ಎಷ್ಟು ದಿನ?’

ಎಷ್ಟು ದಿನ ಅಂತ ಹೇಳೋದಕ್ಕೆ ಬರೋದಿಲ್ಲ ಸರ್, ವರ್ಷಗಳೂ ಆಗಬಹುದು ಅಂದೆ. ದೋಸೆ ಹೋಟೆಲಿನ ಆ ಹುಡುಗಿ ಇನ್ನೂ ಕೆಲವು ಸಲ ಲೋಟ ತಿರುಗಿಸುತ್ತಾಳೆ. ಆದರೆ ಹೋದ ತಿಂಗಳು ಸಪ್ಲೈಯರ್ ಬರುವ ಮೊದಲೇ ನನಗೆ ಹೇಳಿದಳು, ತನಗೆ ನಿಜವಾಗಿ ಇಷ್ಟ ಇದ್ದಿದ್ದು ಖಾಲಿ ದೋಸೆ ಅಲ್ಲವಂತೆ, ಓಪನ್ ಅಂತೆ.

ಅವರು ತಲೆ ಆಡಿಸಿದರು. ಕೂರಲಿಲ್ಲ. ಜೇಬಿನಿಂದ ಪುಟ್ಟ ಪಾಕೆಟ್ ಡೈರಿ ತೆಗೆದು, ಪಕ್ಕದವರ ಪೆನ್ನು ಇಸ್ಕೊಂಡು ‘ರವೆ’ ಅಂತ ಬರೆದುಕೊಂಡರು.